ಅಜ್ಜಾರ ಹೆಸರಿನ ವಿದ್ಯಾರ್ಥಿವೇತನ



ನಮ್ಮ ಮನೆತನದ ಹಿರಿಯರಾದ ಅಜ್ಜಾರು ತೀರಿಕೊಂಡಾಗ ಅವರ ಹೆಸರಿನಲ್ಲಿ ಊರ ಬಾಗಿಲಿಗೆ ಕಮಾನು ಕಟ್ಟಿಸೋಣವೆಂದು ಮನೆಯಲ್ಲಿ ಮಾತು ಬಂತು. ಹೆಬ್ಬೆಟ್ಟು ಒತ್ತಿ ಈ ಸಂಘದ ಶೇರು ಪಡೆದವರು ಅವರು. ಕಮಾನಿನ ಮೇಲೆ ಬರೆಸಿದ್ದರೆ ಅವರಿಗೇ ಓದಲು ಬರುತ್ತಿರಲಿಲ್ಲ! ಅಣ್ಣತಮ್ಮಂದಿರು ಕೂಡಿ ಆ ರೊಕ್ಕವನ್ನು ಸಂಘದಲ್ಲೇ ಮುದ್ದತಿ ಠೇವಣಿ ಇಟ್ಟಿದ್ದೇವೆ. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿ ಕಾಲೇಜು ಓದುವ ಮಕ್ಕಳಿಗೆ.

1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಾಲದ ಸಹಕಾರಿ ಸಂಘ ಕಟ್ಟಿದ್ದು, ರೈತ ಸಾಹುಕಾರನ ಬಾಗಿಲು ಕಾಯಬಾರದೆಂದು. ಮಕ್ಕಳ ಫೀಜಿಗಾಗಿ ಇಂದಿಗೂ ಕಾಯುವವರಿದ್ದಾರಲ್ಲ?

ಯಾರಿಗೆ ಕೊಡಬೇಕೆಂಬಲ್ಲಿ ತಕರಾರು ಬಂತು. ಹೆಚ್ಚು ಅಂಕ ತಗೊಂಡವರಿಗೆ ಅಂದರು ಕೆಲವರು. ನಾವು ಒಪ್ಪಲಿಲ್ಲ. ತೊಂಬತ್ತು ತಗೊಂಡವನಿಗೆ ಕೊಡುವವರು ಬಹಳ ಮಂದಿ. ಐವತ್ತೈದು ತಗೊಂಡು, ಕಾಲೇಜು ಬಿಟ್ಟು ಹತ್ತಿ ಬಿಡಿಸಲು ಹೊರಟ ಹುಡುಗಿಯನ್ನು ಯಾರು ಕೇಳುತ್ತಾರೆ? 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು, ಒಳ್ಳೇದೇ. ಪುಸ್ತಕ, ಪರೀಕ್ಷಾ ಫೀಜು, ರೂಮಿನ ಬಾಡಿಗೆ ಇದ್ದೇ ಇವೆ.

ನಮ್ಮ ಮನೆತನದ ಮಕ್ಕಳಾಗಲಿ, ನಿರ್ದೇಶಕರ ಮಕ್ಕಳಾಗಲಿ ಅರ್ಜಿ ಹಾಕುವಂತಿಲ್ಲ. ಇದಕ್ಕೆ ಮನೆಯಲ್ಲಿ ಒಬ್ಬಿಬ್ಬರು ಮುಖ ಗಂಟು ಹಾಕಿದ್ದಾರೆ, ಇರಲಿ. ಅರ್ಜಿ ಫಾರ್ಮು ಕಾರ್ಯದರ್ಶಿಗಳ ಹತ್ತಿರ ಇವೆ. ಕಾಲೇಜು ಸೇರಿದ ರಸೀದಿ ತಂದರೆ ಸಾಕು.