ಕಾಲ್ನಡಿಗೆಯ ಅಳತೆಯ ಊರು



ನಗರ ನಿರ್ಮಾಣವೆಂದೊಡನೆ ನಮ್ಮ ದೃಷ್ಟಿ ದೂರದ ಮಹಾನಗರಗಳ ಕಡೆಗೆ ಹರಿಯುವುದು ವಾಡಿಕೆ. ಈ ಹೊತ್ತು ತಮ್ಮನ್ನು ಅಷ್ಟು ದೂರ ಕರೆದೊಯ್ಯುವುದಿಲ್ಲ; ಶ್ರೀರಂಗಪಟ್ಟಣದವರೆಗೆ ಬಂದರೆ ಸಾಕು.

ಕಾವೇರಿಯ ಕವಲುಗಳ ನಡುವಣ ಈ ದ್ವೀಪದ ಉದ್ದ ಸುಮಾರು 5 ಕಿಲೋಮೀಟರು. ಪಶ್ಚಿಮಕ್ಕೆ ಕೋಟೆ, ಪೂರ್ವಕ್ಕೆ ಗಂಜಾಮು. ಹೊಳೆಯೇ ಎಲ್ಲೆಯಾದುದರಿಂದ ಊರು ಮನಬಂದಂತೆ ಹರಡುವಂತಿರಲಿಲ್ಲ. ದೇವಾಲಯ, ಅರಮನೆ, ಅಂಗಡಿಬೀದಿ, ಕೇರಿಗಳೆಲ್ಲವೂ ಕಾಲ್ನಡಿಗೆಯ ಅಳತೆಗೆ ಒಳಪಟ್ಟಿದ್ದವು. ದ್ವೀಪದ ಗದ್ದೆಗಳಿಗೆ ಬಂಗಾರದೊಡ್ಡಿ ನಾಲೆಯ ನೀರು ಹೊಳೆಯ ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ಬಂದಿತು. ಉಣ್ಣುವ ಅನ್ನವೂ ವಾಸದ ಮನೆಯೂ ಇಷ್ಟು ನೆರೆಯಾಗಿರುವ ಊರುಗಳು ವಿರಳ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. 1800ರಲ್ಲಿ ಇಲ್ಲಿಗೆ ಬಂದ ಬುಕಾನನನು, ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷವಿದ್ದಿತೆಂದು ಎಣಿಸಿದನು. ಅವನು ಕಂಡಾಗ ಅದು ಸುಮಾರು 32 ಸಾವಿರಕ್ಕೆ ಇಳಿದಿತ್ತು. ರಾಜಧಾನಿ ಮೈಸೂರಿಗೆ ಹೋದುದು ಇದಕ್ಕೆ ಮುಖ್ಯ ಕಾರಣ. ಆದರೆ 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಹೊರಟುದಕ್ಕೆ ಇಲ್ಲಿನ ಚಳಿಜ್ವರವೇ ಕಾರಣವಾಯಿತು. ಆ ಬೆಂಗಳೂರಿಗೂ 1898ರಲ್ಲಿ ಪ್ಲೇಗು ಬಂದಿತು. ಹಳೆಯ ಪೇಟೆಯ ಇಕ್ಕಟ್ಟಿಗೆ ಹೆದರಿದವರು ಬಸವನಗುಡಿ ಮಲ್ಲೇಶ್ವರಗಳ ಅಗಲವಾದ ಬೀದಿಗಳಿಗೆ ಹೋದರು. ಆದರೂ ಅಲ್ಲಿ ಗುಡಿಯೂ ಮಾರುಕಟ್ಟೆಯೂ ಶಾಲೆಯೂ ನಡೆದು ಮುಟ್ಟುವಷ್ಟು ಸಮೀಪದಲ್ಲಿಯೇ ಉಳಿದವು. ಎಂದಮೇಲೆ ದೋಷವು ಸಾಮೀಪ್ಯದ್ದಲ್ಲ, ಚರಂಡಿಯಿಲ್ಲದ ಸಾಮೀಪ್ಯದ್ದು.

1914ರಲ್ಲಿ ಭಾರತಕ್ಕೆ ಬಂದ ಪ್ಯಾಟ್ರಿಕ್ ಗೆಡ್ಡಿಸರು, ಹಳೆಯ ಕೇರಿಗಳನ್ನು ಕೆಡವದೆ ರೋಗವಿರುವಲ್ಲಿ ಮಾತ್ರ ಶಸ್ತ್ರವಿಡಬೇಕೆಂದು ವಾದಿಸಿದರು. ನಮ್ಮ ತಾಲ್ಲೂಕು ಪಟ್ಟಣಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ನಾಗಮಂಗಲವು ಸೌಮ್ಯಕೇಶವನ ಗುಡಿಯ ಸುತ್ತ ಬೆಳೆದುದು. ಪಾಂಡವಪುರದ ರೈಲು ನಿಲ್ದಾಣವು ಊರಿನಿಂದ ದೂರ. ಕೃಷ್ಣರಾಜಪೇಟೆಯ ಊರೊಳಗೆ ರೈಲೇ ಇಲ್ಲ. ಹಳ್ಳಿಯಿಂದ ಬರುವ ರೈತನಿಗೆ ಬಸ್ಸೇ ಗತಿ. ಬಸ್ಸಿಳಿದವನಿಗೆ ಕಛೇರಿ, ಆಸ್ಪತ್ರೆ, ಸಂತೆಗಳು ಅರ್ಧ ಗಳಿಗೆಯ ನಡಿಗೆಯಲ್ಲಿರಬೇಕು. ಕಛೇರಿಯನ್ನು ಊರಾಚೆಯ ಬಯಲಿಗೆ ಕೊಂಡೊಯ್ದರೆ ಕಟ್ಟಡವೇನೋ ಭವ್ಯವಾದೀತು. ಆಟೋದ ಬಾಡಿಗೆಯನ್ನು ಕೊಡತಕ್ಕವನು ಪಹಣಿಗಾಗಿ ಬಂದ ರೈತ.

ಶ್ರೀರಂಗಪಟ್ಟಣಕ್ಕೆ ಇನ್ನೊಂದು ತೊಡಕುಂಟು. ಸಂರಕ್ಷಿತ ಸ್ಮಾರಕಗಳಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದೆಂದು 2010ರ ಕಾನೂನು ವಿಧಿಸಿದೆ. ಇದು ಯುಕ್ತವೇ. ಆದರೆ ಮನೆಗಳು ಹೊರಗೆ ಸರಿಯುವಾಗ ನಾಲೆಯ ಗದ್ದೆಗಳೇ ನಿವೇಶನಗಳಾಗುವ ಅಪಾಯವಿದೆ. ಊರೊಳಗಿನ ಪಾಳುಮನೆಗಳನ್ನು, ಕಾನೂನು ಒಪ್ಪುವಷ್ಟು, ದುರಸ್ತಿಮಾಡಿ ತುಂಬಿಸುವುದು ಮೊದಲಾಗಲಿ. ಹೊಸ ಬಡಾವಣೆ ಅನಿವಾರ್ಯವಾದಲ್ಲಿ ನಿವೇಶನ ಹಂಚುವ ಮುನ್ನ ಚರಂಡಿಯ ಇಳಿಜಾರನ್ನೂ, ನಡೆಯುವವರ ನೆರಳಿಗೆ ಹೊಂಗೆಯ ಸಾಲನ್ನೂ ನಕ್ಷೆಯಲ್ಲಿ ಗುರುತಿಸಲಿ.