ಭಾರ ಇದೆ ಅಂತ ಮಿಷನ್ ನಿಲ್ಲಲ್ಲ

ನಾನು 20 ವರ್ಷದಿಂದ ಟ್ರೇಲರ್ ಓಡಿಸ್ತಿದ್ದೀನಿ. ಜೆಸಿಬಿ, ಹಿಟಾಚಿ, ರೋಲರ್ ಸಾಗಿಸೋದು ನನ್ನ ಕೆಲಸ.

"20 ಟನ್ ಮಿಷನ್ ಎಲ್ಲಿಗೆ ಹೋಗುತ್ತೆ? ಅದರ ಭಾರವೇ ಅದನ್ನ ಹಿಡ್ಕೊಳುತ್ತೆ" ಅಂತ ಲೋಡ್ ಮಾಡಿಸುವವರು ಈಗಲೂ ಹೇಳ್ತಾರೆ. ನಾನೂ ಹಾಗೇ ನಂಬಿದ್ದೆ, ಶಿರಾಡಿ ಘಾಟಿಯಲ್ಲಿ ಬುದ್ಧಿ ಬರುವ ತನಕ.

ಮಳೆಗಾಲ. ಹಾಸನದ ಹತ್ತಿರ ಹಿಟಾಚಿ ಲೋಡ್ ಆಯ್ತು, ಮಂಗಳೂರಿಗೆ ಹೋಗಬೇಕು. ಕತ್ತಲಾಗುವ ಮುಂಚೆ ಘಾಟಿ ಇಳಿಯುವ ಅವಸರ. ಟ್ರ್ಯಾಕ್ ತುಂಬ ಕೆಸರು, ತೊಳೆಯಲಿಲ್ಲ. ಮುಂದೆ ಎರಡು ಚೈನ್ ಬಿಗಿದು, ಹಿಂದೆ ಬರೀ ನೈಲಾನ್ ಹಗ್ಗ ಕಟ್ಟಿ ಹೊರಟೆವು. ಇಳಿಜಾರಿನ ಒಂದು ತಿರುವಿನಾಚೆ ಕಾರು ಕೆಟ್ಟು ನಿಂತಿತ್ತು. ಬ್ರೇಕ್ ಒತ್ತಿದೆ. ಗಾಡಿ ನಿಂತಿತು, ಮಿಷನ್ ನಿಲ್ಲಲಿಲ್ಲ. ಇಳಿದು ನೋಡಿದರೆ ಹಗ್ಗ ತುಂಡಾಗಿ ಮಿಷನ್ ಎರಡು ಗೇಣು ಮುಂದೆ ಜಾರಿತ್ತು. ಇನ್ನೊಂದು ಸ್ವಲ್ಪ ಜಾರಿದ್ದರೆ ಬಕೆಟ್ ನಮ್ಮ ಕ್ಯಾಬಿನ್‌ಗೇ ನುಗ್ತಿತ್ತು. ಕ್ಲೀನರ್ ಹುಡುಗ "ಅಣ್ಣಾ..." ಅಂದವನು ಮುಂದೆ ಮಾತೇ ಆಡಲಿಲ್ಲ. ನನ್ನನ್ನು ನಂಬಿ ಅವನನ್ನು ಕಳಿಸಿದ್ದು ಅವರಮ್ಮ.

ತಪ್ಪು ಎಲ್ಲಾಯ್ತು? ಮುಂದಕ್ಕೆ ಜಾರುವ ಮಿಷನ್ನನ್ನು ಹಿಡಿಯೋದು ಹಿಂದಕ್ಕೆ ಎಳೆದು ಕಟ್ಟಿದ ಚೈನ್. ಮುಂದಿನ ಚೈನ್ ಆಗ ಸಡಿಲವಾಗಿಬಿಡುತ್ತೆ. ಜೋರಾಗಿ ಬ್ರೇಕ್ ಬಿದ್ದಾಗ ಭಾರದ ನೂರಕ್ಕೆ 80ರಷ್ಟು ಬಲ ಮುಂದಕ್ಕೆ ನೂಕುತ್ತೆ ಅಂತ ಯುರೋಪಿನಲ್ಲಿ ಲೆಕ್ಕ ಹಿಡೀತಾರೆ. ಅಂದ್ರೆ 20 ಟನ್ನಿಗೆ 16 ಟನ್! ಕಬ್ಬಿಣದ ಮೇಲೆ ಕಬ್ಬಿಣ, ನಡುವೆ ಕೆಸರು. ಸೋಪು ಹಚ್ಚಿದ ಹಾಗೆ.

ಈಗ ನನ್ನ ಪದ್ಧತಿ ಹೀಗಿದೆ. ಟ್ರ್ಯಾಕ್ ಕೆರೆದು ತೊಳೆದು, ಕೆಳಗೆ ಮರದ ಹಲಗೆ ಹಾಸ್ತೀನಿ. ಬಕೆಟ್ ಪೂರ್ತಿ ಕೆಳಗಿಳಿಸಿ, ಅದನ್ನೂ ಕಟ್ತೀನಿ. ತಿರುವಿನಲ್ಲಿ ಮಿಷನ್ನಿನ ಮೇಲ್ಭಾಗ ತಿರುಗದಂತೆ ಲಾಕ್ ಹಾಕ್ತೀನಿ. ನಾಲ್ಕೂ ಮೂಲೆಗೆ ಬೇರೆಬೇರೆ ಚೈನ್. ಎರಡು ಮುಂದಕ್ಕೆ, ಎರಡು ಹಿಂದಕ್ಕೆ ಎಳೀಬೇಕು. ಅಮೆರಿಕದಲ್ಲೂ ಸುಮಾರು ನಾಲ್ಕೂವರೆ ಟನ್ ದಾಟಿದ ಇಂಥ ಮಿಷನ್ನಿಗೆ ಕನಿಷ್ಠ ನಾಲ್ಕು ಕಟ್ಟು ಬೇಕು ಅನ್ನೋದು ಕಾನೂನು. ಹಗ್ಗ ಹಿಗ್ಗುತ್ತೆ, ನಂಬಬೇಡಿ. ಟೈರಿನ ಜೆಸಿಬಿ ಆದ್ರೆ ಕುಲುಕಾಟಕ್ಕೆ ಚೈನ್ ಬೇಗ ಸಡಿಲವಾಗುತ್ತೆ. ಅದಕ್ಕೇ ಹೊರಟು ಹತ್ತು ಕಿಲೋಮೀಟರ್‌ಗೆ ಒಮ್ಮೆ ನಿಲ್ಲಿಸಿ ನೋಡ್ತೀನಿ, ಘಾಟಿ ಇಳಿಯುವ ಮುಂಚೆ ಇನ್ನೊಮ್ಮೆ.

ಮಾಲೀಕರಿಗೆ ಒಂದು ಮಾತು: ಚೈನ್ ಕಟ್ಟುವಾಗ ಫೋನ್ ಮಾಡಿ "ಎಲ್ಲಿದ್ದೀಯಾ" ಅಂತ ಅವಸರ ಮಾಡಬೇಡಿ. ಅರ್ಧ ಗಂಟೆ ತಡವಾದ್ರೆ ಕೆಲಸ ನಿಲ್ಲಲ್ಲ. ನಮ್ಮ ಮುಂದೆ ಹಿಂದೆ ಬಸ್ಸು, ಬೈಕು, ಮಕ್ಕಳಿರುವ ಕಾರು ಎಲ್ಲಾ ಇರ್ತಾವೆ.