ಓದಿಸಿದ್ದು ಮುಂಗಡವಾ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ)

ಇವತ್ತು ನಾವು ಮಾತಾಡಬೇಕಾಗಿರೋದು ಕ್ಯೂಬಾ ದೇಶದ ಡಾಕ್ಟರುಗಳ ಮತ್ತು ನರ್ಸುಗಳ ವಿಷಯ. ಆ ದೇಶದ ಸರ್ಕಾರ ಅವರನ್ನ ಹೊರದೇಶಗಳಿಗೆ ದುಡಿಯೋಕೆ ಕಳಿಸುತ್ತೆ, ಅವರ ಸಂಬಳದ ಬಹುಪಾಲು ತಾನೇ ಇಟ್ಟುಕೊಳ್ಳುತ್ತೆ. ರೂಮಿನ ಗೋಡೆ ಮೇಲೆ ಚೆ ಗೆವಾರನ ಚಿತ್ರ ಅಂಟಿಸಿಕೊಂಡಿರುವ ಗೆಳೆಯರಿಗೆ ಈ ಮಾತು ಕಹಿಯಾಗಬಹುದು. ಕಹಿಯಾದರೂ ಕೇಳಿ. ಕೂಲಿ ಕಿತ್ತುಕೊಳ್ಳುವವನ ಕೈಯಲ್ಲಿ ಯಾವ ಬಣ್ಣದ ಬಾವುಟ ಇದೆ ಅಂತ ನೋಡಿಕೊಂಡು ಬಾಯಿ ತೆರೆಯುವವರು ನಾವಲ್ಲ.

ಒಳ್ಳೆಯದನ್ನ ಮೊದಲು ಒಳ್ಳೆಯದು ಅಂತಲೇ ಹೇಳಿಬಿಡೋಣ. 1959ರ ಕ್ರಾಂತಿಯಾದ ಮೇಲೆ ಕ್ಯೂಬಾದಲ್ಲಿದ್ದ ಸುಮಾರು ಆರು ಸಾವಿರ ಡಾಕ್ಟರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ದೇಶ ಬಿಟ್ಟು ಹೋದರು. ಉಳ್ಳವರ ಡಾಕ್ಟರುಗಳು ಉಳ್ಳವರ ಹಿಂದೆಯೇ ಹೋದರು. ಆಮೇಲೆ ಆ ದೇಶ ಕಬ್ಬಿನ ಗದ್ದೆಯ ಕೂಲಿಗಳ ಮಕ್ಕಳನ್ನ, ಕರಿಯರ ಮಕ್ಕಳನ್ನ ಪುಕ್ಕಟೆ ಓದಿಸಿ ಡಾಕ್ಟರುಗಳನ್ನಾಗಿ ಮಾಡಿತು. ಫ್ರೆಂಚರು ಬಿಟ್ಟುಹೋದ ಅಲ್ಜೀರಿಯಾಕ್ಕೆ 1963ರಲ್ಲೇ ತನ್ನ ತಂಡ ಕಳಿಸಿತು. 2005ರಲ್ಲಿ ಪಾಕಿಸ್ತಾನದ ಭೂಕಂಪಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಹೋದರು. 2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಎದ್ದಾಗ, ಬೇರೆಯವರು ಹತ್ತಿರ ಸುಳಿಯೋಕೂ ಹೆದರುತ್ತಿದ್ದಾಗ, ಇವರು ಹೋಗಿ ರೋಗಿಗಳನ್ನ ಮುಟ್ಟಿದರು. ಮುಟ್ಟುವುದು ಅಂದರೇನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇಷ್ಟು ದೊಡ್ಡ ಕೆಲಸ ಮಾಡಿದ ಆ ಕೈಗಳಿಗೆ ಸಿಕ್ಕಿದ್ದೆಷ್ಟು? ನಾವು ಕೇಳೋದು ಅದನ್ನ.

2000ದಲ್ಲಿ ವೆನೆಜುವೆಲಾ ಜೊತೆ ಒಪ್ಪಂದವಾಯಿತು. ಅಲ್ಲಿಂದ ಎಣ್ಣೆ ಬರಬೇಕು, ಇಲ್ಲಿಂದ ಡಾಕ್ಟರುಗಳು ಹೋಗಬೇಕು. ಅಲ್ಲಿಂದಾಚೆಗೆ ಇದು ಬರೀ ನೆರವಾಗಿ ಉಳಿಯಲಿಲ್ಲ, ವ್ಯಾಪಾರವೂ ಆಯಿತು. ಕ್ಯೂಬಾ ಸರ್ಕಾರದ್ದೇ ಲೆಕ್ಕದ ಪ್ರಕಾರ 2018ರಲ್ಲಿ ಆರೋಗ್ಯ ಸೇವೆಯನ್ನ ಹೊರಗೆ ಮಾರಿ ಬಂದ ಹಣ 640 ಕೋಟಿ ಡಾಲರ್ ಹತ್ತಿರ. ದೇಶಕ್ಕೆ ಹೊರಗಿನಿಂದ ದುಡ್ಡು ತರುವ ದಾರಿಗಳಲ್ಲಿ ಇದೇ ದೊಡ್ಡದು.

ಬ್ರೆಜಿಲ್‌ನ ಲೆಕ್ಕವನ್ನ ಬಿಡಿಸಿ ನೋಡಿ, ಅರ್ಥವಾಗುತ್ತೆ. ಡಾಕ್ಟರೇ ಇಲ್ಲದ ಹಳ್ಳಿಗಳಿಗೆ, ಕೊಳೆಗೇರಿಗಳಿಗೆ ಡಾಕ್ಟರುಗಳನ್ನ ಕಳಿಸೋಕೆ ಅಲ್ಲಿನ ಸರ್ಕಾರ 2013ರಲ್ಲಿ 'ಮೈಸ್ ಮೆಡಿಕೋಸ್' ಅನ್ನೋ ಯೋಜನೆ ತಂದಿತು. ಹೆಚ್ಚು ವೈದ್ಯರು ಅಂತ ಅದರ ಅರ್ಥ. ಒಬ್ಬ ಡಾಕ್ಟರಿಗೆ ತಿಂಗಳಿಗೆ ಹತ್ತು ಸಾವಿರ ರಿಯಾಲ್, ಅಂದರೆ ಆಗ ನಾಲ್ಕು ಸಾವಿರ ಡಾಲರಿಗೂ ಮೇಲೆ. ಸ್ಪೇನಿನಿಂದಲೋ ಅರ್ಜೆಂಟೀನಾದಿಂದಲೋ ಬಂದವನಿಗೆ ಅದು ನೇರ ಕೈಗೆ. ಕ್ಯೂಬಾದವರ ಹಣ ಮಾತ್ರ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆಯ ಮೂಲಕ ಕ್ಯೂಬಾ ಸರ್ಕಾರಕ್ಕೆ. ಆ ಸಂಸ್ಥೆ ನೂರಕ್ಕೆ ಐದು ಹಿಡಿದುಕೊಳ್ಳುತ್ತಿತ್ತು. ಡಾಕ್ಟರಿಗೆ ಗೊತ್ತುಮಾಡಿದ್ದು ಸಾವಿರ ಡಾಲರ್. ಅದರಲ್ಲೂ ಬ್ರೆಜಿಲ್‌ನಲ್ಲಿ ಕೈಗೆ ಕೊಟ್ಟದ್ದು ನಾನೂರು. ಮಿಕ್ಕ ಆರುನೂರು ಕ್ಯೂಬಾದ ಖಾತೆಯಲ್ಲಿ. 2014ರಲ್ಲಿ ಒಬ್ಬ ಡಾಕ್ಟರು ಕೆಲಸದ ಜಾಗದಿಂದ ಹೊರಟು ರಾಜಧಾನಿಗೆ ಬಂದು, ಪಾರ್ಲಿಮೆಂಟಿನಲ್ಲೇ ಕೂತು ಆಶ್ರಯ ಕೇಳಿದರು. ಗದ್ದಲವಾಯಿತು. ಆಮೇಲೆ ಕೂಲಿ 1,245 ಡಾಲರ್ ಆಯಿತು. ಗದ್ದಲವಾಗದೆ ಯಾವ ಧಣಿ ತಾನೇ ಕೂಲಿ ಏರಿಸಿದ್ದಾನೆ?

ದುಡ್ಡಿನ ಮಾತು ಇಷ್ಟು. ಇನ್ನು ಕಟ್ಟುಪಾಡು. 2010ರ 168ನೇ ನಿರ್ಣಯ ಅಂತ ಒಂದು ಸರ್ಕಾರಿ ಆಜ್ಞೆ ಹೊರಟಿತು. ಹೊರದೇಶದಲ್ಲಿ ಯಾರನ್ನಾದರೂ ಪ್ರೀತಿಸಿದರೆ ಮೇಲಿನವರಿಗೆ ತಿಳಿಸಬೇಕು. ಕ್ರಾಂತಿಯ ವಿರೋಧಿಗಳ ಸಹವಾಸ ಕೂಡದು. ಪಾಸ್‌ಪೋರ್ಟು ಕಿತ್ತಿಟ್ಟುಕೊಂಡರು ಅಂತ ಹಲವು ದೇಶಗಳಿಂದ ಬಂದವರು ಹೇಳಿದ್ದಾರೆ. ಮಧ್ಯೆ ಬಿಟ್ಟು ಹೋದವರಿಗೆ ಎಂಟು ವರ್ಷ ತಾಯ್ನಾಡಿಗೆ ಕಾಲಿಡೋಕಿಲ್ಲ ಅನ್ನೋ ಶಿಕ್ಷೆ. ಮಕ್ಕಳು ಅಲ್ಲಿ, ಅಪ್ಪನೋ ಅಮ್ಮನೋ ಇಲ್ಲಿ. ಮಗು ಬೆಳೆದು ಗುರುತೇ ಸಿಗದಂತಾಗುವಷ್ಟು ಕಾಲ ಅದು. 2019ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಇಬ್ಬರು ವಿಶೇಷ ವರದಿಗಾರರು ಕ್ಯೂಬಾ ಸರ್ಕಾರಕ್ಕೆ ಕಾಗದ ಬರೆದರು. ನಮಗೆ ಬಂದಿರುವ ದೂರುಗಳು ನಿಜವಾದರೆ ಇದು ಬಲವಂತದ ದುಡಿಮೆ ಆಗಬಹುದು ಅಂದರು.

ಸರ್ಕಾರದ ಉತ್ತರವನ್ನೂ ಕೇಳಬೇಕು. ಅವರು ಹೇಳ್ತಾರೆ: ಯಾರನ್ನೂ ಕಟ್ಟಿ ಎಳೆದೊಯ್ದಿಲ್ಲ, ಎಲ್ಲರೂ ಒಪ್ಪಿ ಸಹಿ ಹಾಕಿದ್ದಾರೆ. ಊರಲ್ಲಿ ಅವರ ಸಂಬಳ ನಡೀತಾ ಇದೆ. ಬಂದ ಹಣದಲ್ಲೇ ನಮ್ಮ ಆಸ್ಪತ್ರೆಗಳು ಎಲ್ಲರಿಗೂ ಪುಕ್ಕಟೆ ನಡೀತವೆ. ಈ ಡಾಕ್ಟರನ್ನ ಓದಿಸಿದ್ದು ಜನರ ದುಡ್ಡು.

ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕೊನೆಯ ಮಾತು ಹಾಸ್ಟೆಲ್ಲಿನ ಅನ್ನ ಉಂಡು ಓದುವ ನಮ್ಮನ್ನೇ ಬಂದು ತಟ್ಟುತ್ತೆ. ಜನರ ದುಡ್ಡಲ್ಲಿ ಓದಿದವನು ಜನರಿಗೆ ತಿರುಗಿ ಕೊಡಬೇಕು. ಬೇಡ ಅಂದವರು ಯಾರು? ಹಳ್ಳಿಯಲ್ಲಿ ಇಂತಿಷ್ಟು ವರ್ಷ ಸೇವೆ ಮಾಡು ಅನ್ನಲಿ, ಎಲ್ಲರ ಹಾಗೆ ತೆರಿಗೆ ಕಟ್ಟು ಅನ್ನಲಿ. ಆದರೆ ಓದಿಸಿದ್ದನ್ನ ಮುಂಗಡ ಅಂತ ಬರೆದುಕೊಂಡು, ಆ ಮುಂಗಡಕ್ಕೆ ಕೂಲಿಯನ್ನ, ಪಾಸ್‌ಪೋರ್ಟನ್ನ, ಹೆಂಡತಿ ಮಕ್ಕಳನ್ನ ಒತ್ತೆ ಇಟ್ಟುಕೊಳ್ಳೋದಕ್ಕೆ ನಮ್ಮೂರಲ್ಲಿ ಏನಂತಾರೆ? 1976ರ ಕಾನೂನು ಜೀತವನ್ನ ಕಿತ್ತುಹಾಕುವಾಗ ಮೊದಲು ಹಿಡಿದದ್ದೇ ಈ ಮುಂಗಡದ ಜುಟ್ಟನ್ನ. 'ಒಪ್ಪಿಕೊಂಡೇ ಬಂದ' ಅನ್ನೋದಂತೂ ಗೌಡನ ಜಗಲಿಯ ಹಳೇ ಮಾತು. ಏಷ್ಯಾಡ್ ಕಟ್ಟಡಗಳ ಕೂಲಿಗಾರರ ಮೊಕದ್ದಮೆಯಲ್ಲಿ 1982ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಿತಲ್ಲ: ಹಸಿವು, ಬಡತನ ಕೂಡ ಬಲವಂತವೇ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ. ಕ್ಯೂಬಾಕ್ಕೆ ನಮ್ಮ ಕೋರ್ಟಿನ ತೀರ್ಪು ಅನ್ವಯಿಸುವುದಿಲ್ಲ, ನಿಜ. ಆದರೆ ಊರಲ್ಲಿ ತಿಂಗಳಿಗೆ ನೂರು ಡಾಲರೂ ಹುಟ್ಟದ ಡಾಕ್ಟರು ನಾನೂರಕ್ಕೆ ಸಹಿ ಹಾಕಿದರೆ ಅದು ಎಂಥ ಒಪ್ಪಿಗೆ ಅಂತ ಅಳೆಯೋಕೆ ಆ ಅಳತೆಗೋಲು ಸಾಕು.

ಹಾಗಂತ ಇವರ ಪರವಾಗಿ ಕೂಗುವವರೆಲ್ಲ ಇವರ ನೆಂಟರು ಅಂದುಕೊಳ್ಳಬೇಡಿ. 2013ರ ಆಗಸ್ಟಿನಲ್ಲಿ ಬ್ರೆಜಿಲ್‌ನ ಫೋರ್ಟಲೆಜಾ ಊರಿನಲ್ಲಿ ತರಬೇತಿ ಮುಗಿಸಿ ಹೊರಬಂದ ಕ್ಯೂಬಾದ ಡಾಕ್ಟರುಗಳನ್ನ ಅಲ್ಲಿನ ಡಾಕ್ಟರುಗಳೇ ಸಾಲುಗಟ್ಟಿ ನಿಂತು 'ಗುಲಾಮರು, ಗುಲಾಮರು' ಅಂತ ಮೂದಲಿಸಿದರು. ಆ ಸಾಲಿನ ನಡುವೆ ನಡೆದುಹೋದ ಕಪ್ಪು ಡಾಕ್ಟರೊಬ್ಬರ ಫೋಟೋ ದೇಶದ ತುಂಬ ಪತ್ರಿಕೆಗಳಲ್ಲಿ ಬಂತು. ಕ್ಯೂಬಾದ ಹೆಣ್ಣು ಡಾಕ್ಟರುಗಳು ಮನೆಕೆಲಸದವರ ಹಾಗೆ ಕಾಣ್ತಾರೆ ಅಂತ ಒಬ್ಬ ಪತ್ರಕರ್ತೆ ಬರೆದಳು. ಇವರಿಗೆ ಗುಲಾಮಗಿರಿಯ ಮೇಲೆ ಸಿಟ್ಟಿರಲಿಲ್ಲ. ತಾವು ಕಾಲಿಡದ ಹಳ್ಳಿಗೆ ಕಪ್ಪು ಕೈಯೊಂದು ಸ್ಟೆತಾಸ್ಕೋಪು ಹಿಡಿದು ಹೊರಟಿತಲ್ಲ, ಅದರ ಮೇಲೆ ಸಿಟ್ಟು.

ಅಮೆರಿಕದ್ದು ಇನ್ನೊಂದು ಆಟ. 1962ರಿಂದ ಕ್ಯೂಬಾದ ವ್ಯಾಪಾರಕ್ಕೆ ದಿಗ್ಬಂಧನ ಹಾಕಿ ಕೂತ ದೇಶ ಅದು. 2006ರಿಂದ 2017ರ ಜನವರಿಯವರೆಗೆ, ಕೆಲಸ ಬಿಟ್ಟು ಬರುವ ಕ್ಯೂಬಾ ಡಾಕ್ಟರುಗಳಿಗೆ ವಿಶೇಷ ಪ್ರವೇಶ ಕೊಟ್ಟು ಸೆಳೆಯಿತು. 2025ರಲ್ಲಿ ಈ ಡಾಕ್ಟರುಗಳನ್ನ ಕರೆಸಿಕೊಳ್ಳುವ ದೇಶಗಳ ಅಧಿಕಾರಿಗಳಿಗೂ ವೀಸಾ ಕೊಡೋದಿಲ್ಲ ಅಂತ ಹೆದರಿಸಿತು. ನಿಮ್ಮ ವೀಸಾ ನಿಮಗೇ ಇರಲಿ, ನಮಗೆ ಡಾಕ್ಟರು ಬೇಕು ಅಂತ ಕೆರಿಬಿಯನ್ ದ್ವೀಪಗಳ ಕೆಲವು ಪ್ರಧಾನಿಗಳು ತಿರುಗಿಬಿದ್ದರು. ಈ ಜಟಾಪಟಿಯಲ್ಲಿ ನರ್ಸಿನ ಕೂಲಿ ಎಷ್ಟಾಗಬೇಕು ಅನ್ನೋ ಮಾತು ಎಲ್ಲಿ ಹೋಯಿತೋ!

2018ರ ನವೆಂಬರಿನಲ್ಲಿ ಬ್ರೆಜಿಲ್‌ನಲ್ಲಿ ಆಗತಾನೆ ಗೆದ್ದಿದ್ದ ಬೊಲ್ಸೊನಾರೊ, ಪೂರ್ತಿ ಸಂಬಳ ಡಾಕ್ಟರ ಕೈಗೇ ಕೊಡಬೇಕು, ಹೆಂಡತಿ ಮಕ್ಕಳನ್ನ ಕರೆಸಿಕೊಳ್ಳೋಕೆ ಬಿಡಬೇಕು, ಆದರೆ ಅವರು ಮತ್ತೆ ಪರೀಕ್ಷೆ ಬರೀಬೇಕು ಅಂದ. ಆತ ಬಡವರ ಬಂಧುವೇನಲ್ಲ. ಆದರೂ ಮೊದಲ ಎರಡು ಮಾತು ನ್ಯಾಯವಾದವೇ. ಕ್ಯೂಬಾ ಸರ್ಕಾರ ಚೌಕಾಸಿಗೂ ನಿಲ್ಲದೆ ಎಂಟು ಸಾವಿರಕ್ಕೂ ಹೆಚ್ಚು ಜನರನ್ನ ವಾಪಸ್ ಕರೆಯಿತು. ಅಮೆಜಾನ್ ಕಾಡಿನ ಮೂಲನಿವಾಸಿಗಳ ಹಾಡಿಗಳು ಡಾಕ್ಟರಿಲ್ಲದೆ ಉಳಿದವು. ವಾಪಸ್ ಹೋಗದೆ ಅಲ್ಲೇ ನಿಂತ ಡಾಕ್ಟರುಗಳಿಗೆ ವೈದ್ಯ ಮಾಡೋಕೆ ಲೈಸೆನ್ಸಿಲ್ಲ. ಕೆಲವರು ಕಾರು ಓಡಿಸಿದರು, ಕೆಲವರು ತಿಂಡಿ ಮಾರಿದರು. ನಾಲ್ಕಾರು ಜನ ಅಮೆರಿಕಕ್ಕೆ ಹೋಗಿ, ನಮ್ಮ ಕೂಲಿಯಲ್ಲಿ ಪಾಲು ಹಿಡಿದ ಆ ಆರೋಗ್ಯ ಸಂಸ್ಥೆ ಲೆಕ್ಕ ಕೊಡಲಿ ಅಂತ ಕೋರ್ಟಿಗೆ ಹಾಕಿದರು. ಸಂಸ್ಥೆ ತನ್ನ ಮೇಲೆ ದಾವೆ ಹೂಡೋಕೇ ಬರೋದಿಲ್ಲ ಅಂತ ವಾದಿಸಿತು. ಹಣ ಸಾಗಿಸಿದ ವಿಷಯಕ್ಕೆ ದಾವೆ ನಡೆಯಬಹುದು ಅಂತ 2022ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು.